ಬ್ರೇಕ್ ಒತ್ತಿದಾಗ ಇನ್ನೋವಾ ನಡುಗುತ್ತಿದ್ದರೆ

ಪುಟ್ಟಾ, ನಿನ್ನ ಮೆಸೇಜ್ ಈಗ ನೋಡಿದೆ. ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿ ಬಂದ ಮೇಲೆ, 80ರಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆ ಅಂತ ಬರೆದಿದ್ದೀಯ. ಗ್ಯಾರೇಜಿನವರು ಬ್ರೇಕ್ ಡಿಸ್ಕ್ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ) ಬೆಂಡಾಗಿದೆ, ಎರಡೂ ಹೊಸದು ಹಾಕಿಸಿ ಅಂದರಂತೆ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದು. ಅಪ್ಪ, ಅಮ್ಮ, ಮಕ್ಕಳು ಎಲ್ಲ ಕೂರುವ ಗಾಡಿ ಅದು.

ಡಿಸ್ಕ್ ಬಿಸಿಗೆ ನಿಜವಾಗಿ ಬಾಗುವುದು ಅಪರೂಪ. ಹೆಚ್ಚಿನ ಸಲ, ಬ್ರೇಕ್ ಒತ್ತಿದಾಗ ಡಿಸ್ಕನ್ನು ಅದುಮಿ ಹಿಡಿಯುವ ಪ್ಯಾಡಿನ ಪದಾರ್ಥ ಡಿಸ್ಕಿನ ಮೇಲೆ ಅಲ್ಲಲ್ಲಿ ಅಂಟಿಕೊಂಡಿರುತ್ತದೆ. ಇಲ್ಲಾಂದ್ರೆ ಡಿಸ್ಕಿನ ದಪ್ಪ ಒಂದೊಂದು ಕಡೆ ಒಂದೊಂದು ಥರ ಆಗಿರುತ್ತದೆ. 0.02 ಮಿಮೀ ವ್ಯತ್ಯಾಸ ಇದ್ದರೂ ಪೆಡಲ್ ಕಾಲಿಗೆ ಒದೆಯುತ್ತದೆ. ಅದು ಬರಿಗಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಯಾರಾದರೂ ನೋಡಿದ ತಕ್ಷಣ ಬೆಂಡ್ ಅಂದರೆ, ಅಳತೆ ಎಷ್ಟು ಬಂತು ಅಂತ ಕೇಳು.

ಬ್ರೇಕ್ ಒತ್ತದೆ ಇದ್ದಾಗಲೂ ನಡುಗುತ್ತಾ? ಹಾಗಾದರೆ ಮೊದಲು ಟೈರ್, ವೀಲ್ ಬ್ಯಾಲೆನ್ಸಿಂಗ್ ನೋಡಿಸು. ಬ್ರೇಕ್ ಒತ್ತಿದಾಗ ಮಾತ್ರ ಸ್ಟೀರಿಂಗ್ ಕುಣಿದರೆ ಮುಂದಿನ ಡಿಸ್ಕಿನ ಮೇಲೇ ಅನುಮಾನ. ಸ್ಟೀರಿಂಗ್ ಸುಮ್ಮನಿದ್ದು ಸೀಟು ಅದುರಿದರೆ ಹಿಂದಿನ ಚಕ್ರದ ಬ್ರೇಕ್ ಡ್ರಮ್ ಕೂಡ ಬಿಚ್ಚಿ ನೋಡಬೇಕು.

ಈಗ ಮುಖ್ಯ ವಿಷಯ. ಹೊಸ ಡಿಸ್ಕ್ ಹಾಕಿಸಿ ಕೆಲವು ತಿಂಗಳಲ್ಲಿ ಮತ್ತೆ ನಡುಕ ಶುರುವಾಯಿತು ಅಂತ ಎಷ್ಟು ಜನ ಗೋಳಾಡುತ್ತಾರೆ, ಅಲ್ವಾ? ಬಹುತೇಕ ಕಾರಣ ಡಿಸ್ಕಿನ ಹಿಂದೆ ಇರುತ್ತದೆ. ಡಿಸ್ಕ್ ಕೂರುವ ಹಬ್ಬಿನ (ಚಕ್ರದ ನಡುವಿನ ಗುಂಬದ) ಮುಖ ನೋಡು. ಹಳೇ ಗಾಡಿಯಲ್ಲಿ ವೀಲ್ ಬೋಲ್ಟುಗಳ ಬುಡದ ಸುತ್ತ ತುಕ್ಕು ಹಕ್ಕಳೆ ಕಟ್ಟಿರುತ್ತದೆ. ಅದನ್ನು ಕೆರೆಯದೆ ಡಿಸ್ಕ್ ಕೂರಿಸಿದರೆ ಅದು ಕೂದಲೆಳೆಯಷ್ಟು ಓರೆ ಕೂರುತ್ತದೆ. ಆಗ ಏನೂ ಗೊತ್ತಾಗುವುದಿಲ್ಲ. ಆದರೆ ಚಕ್ರ ಸುತ್ತಿದಾಗಲೆಲ್ಲ ಡಿಸ್ಕಿನ ಅದೇ ಜಾಗ ಪ್ಯಾಡಿಗೆ ತಾಗುತ್ತಾ ಸವೆಯುತ್ತದೆ. ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ದಪ್ಪ ಏರುಪೇರಾಗಿ ನಡುಕ ಶುರುವಾಗುತ್ತದೆ. ಪಕ್ಕದಲ್ಲೇ ನಿಂತು ವೈರ್ ಬ್ರಷ್‌ನಲ್ಲಿ ಹಬ್ ಕೆರೆಸು. ಡಿಸ್ಕ್ ಕೂರಿಸಿ ನಟ್ ಬಿಗಿದ ಮೇಲೆ ಡಯಲ್ ಗೇಜ್ (ಸಣ್ಣ ಓಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇಟ್ಟು ತಿರುಗಿಸಿ ನೋಡಲಿ. ಡಿಸ್ಕಿನ ಓಲಾಟ ಸಾಮಾನ್ಯವಾಗಿ 0.05 ಮಿಮೀ ಒಳಗೆ ಇರಬೇಕು.

ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರ್ ಜಾರಾಡುವ ಪಿನ್ ಎರಡನ್ನೂ ಎಳೆದು ನೋಡಿ ಅನ್ನು. ರಬ್ಬರ್ ಬೂಟ್ ಹರಿದು ನೀರು ಹೋಗಿದ್ದರೆ ಪಿನ್ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆಗ ಕಾಲು ತೆಗೆದರೂ ಪ್ಯಾಡ್ ಬಿಡುವುದಿಲ್ಲ, ಡಿಸ್ಕ್ ದಾರಿಯುದ್ದಕ್ಕೂ ಬಿಸಿಯಾಗುತ್ತಲೇ ಇರುತ್ತದೆ. ಕ್ಲೀನ್ ಮಾಡಿ, ಸಿಲಿಕೋನ್ ಗ್ರೀಸ್ ಹಚ್ಚಿ, ಹೊಸ ಬೂಟ್ ಹಾಕಿಸಿದರೆ ಮುಗಿಯಿತು. ದೊಡ್ಡ ಖರ್ಚೇನಲ್ಲ.

ಡಿಸ್ಕನ್ನು ಲೇತ್‌ಗೆ ಹಾಕಿಸಿ, ಮೇಲ್ಮೈ ಕಡೆದು ಸಮ ಮಾಡಿಸಬಹುದಾ ಅಂತ ಕೇಳಿದ್ದೀಯ. ಡಿಸ್ಕಿನ ಮೇಲೇ ಕನಿಷ್ಠ ದಪ್ಪ ಅಚ್ಚು ಹಾಕಿರುತ್ತಾರೆ. ಮೈಕ್ರೋಮೀಟರ್‌ನಲ್ಲಿ ಸುತ್ತಲೂ ಎಂಟು ಕಡೆ ಅಳೆಸು. ಕಡೆದ ಮೇಲೂ ಅದಕ್ಕಿಂತ ದಪ್ಪ ಉಳಿಯುವುದಾದರೆ ಕಡೆಸು. ಇಲ್ಲಾಂದ್ರೆ ಬೇಡವೇ ಬೇಡ, ತೆಳು ಡಿಸ್ಕ್ ಬೇಗ ಕಾಯುತ್ತದೆ. ಬಿರುಕು ಕಂಡರೆ ನೇರವಾಗಿ ಹೊಸದೇ. ಯಾವುದೇ ಆದರೂ ಎರಡೂ ಕಡೆಯದು ಒಟ್ಟಿಗೆ ಮಾಡಿಸು, ಪ್ಯಾಡ್ ಹೊಸದಿರಲಿ.

ಚಕ್ರ ಹಾಕುವಾಗ ಹತ್ತಿರವೇ ನಿಲ್ಲು. ಗಾಳಿ ಗನ್ನಲ್ಲಿ ಸಿಕ್ಕಾಪಟ್ಟೆ ಬಿಗಿಯಲು ಬಿಡಬೇಡ, ನಟ್ ಒಂದೊಂದು ಒಂದೊಂದು ಬಿಗಿಗೆ ಕೂತರೆ ಡಿಸ್ಕ್ ಮತ್ತೆ ಓರೆಯಾಗುತ್ತದೆ. ಒಂದು ಬಿಟ್ಟು ಒಂದರಂತೆ, ಬಿಗಿ ಎಷ್ಟು ಅಂತ ಅಳೆಯುವ ಟಾರ್ಕ್ ರೆಂಚಿನಲ್ಲಿ, ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಅಳತೆಗೆ ಬಿಗಿಯಲಿ. ಆಮೇಲೆ ಖಾಲಿ ರಸ್ತೆಯಲ್ಲಿ 60ರಿಂದ 15ಕ್ಕೆ ಹದವಾಗಿ ಎಂಟು ಹತ್ತು ಸಲ ಇಳಿಸು. ಪೂರ್ತಿ ನಿಲ್ಲಿಸಬೇಡ. ಕೊನೆಗೆ ಬ್ರೇಕ್ ಜಾಸ್ತಿ ಬಳಸದೆ ಒಂದಷ್ಟು ದೂರ ಓಡಿಸಿ ತಣಿಸು. ಹೊಸ ಪ್ಯಾಡ್ ಡಿಸ್ಕಿಗೆ ಸಮನಾಗಿ ಹೊಂದಿಕೊಳ್ಳುವುದು ಹೀಗೆ.

ಇನ್ನು ಘಾಟಿ. ಕೊಟ್ಟಿಗೆಹಾರ ದಾಟಿದ ಮೇಲೆ ಇಳಿಜಾರು ಎಷ್ಟು ಹೊತ್ತು ಬರುತ್ತದೆ ಅಂತ ನಿನಗೇ ಗೊತ್ತು. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ಎರಡು, ಮೂರರಲ್ಲಿ ಎಂಜಿನ್ನೇ ಗಾಡಿ ಹಿಡಿಯಲಿ. ನ್ಯೂಟ್ರಲ್ ಅಂತೂ ಕೂಡದು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡ. ಗಟ್ಟಿಯಾಗಿ ಒತ್ತು, ವೇಗ ಇಳಿಸು, ಬಿಟ್ಟುಬಿಡು. ಕೆಳಗೆ ಬಂದ ಕೂಡಲೇ ಟೀ ಕುಡಿಯಲು ನಿಲ್ಲಿಸಿ ಚಕ್ರಕ್ಕೆ ನೀರು ಹೊಡೆಯಬೇಡ, ಕಾದ ಕಾವಲಿಗೆ ನೀರು ಎರಚಿದ ಹಾಗಾಗುತ್ತದೆ. ಪೆಡಲ್ ಒತ್ತಿ ಹಿಡಿದುಕೊಂಡೂ ನಿಲ್ಲಬೇಡ, ಬಿಸಿ ಪ್ಯಾಡ್ ಅದೇ ಜಾಗದಲ್ಲಿ ಅಂಟುತ್ತದೆ.

ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ಆಗಿದ್ದರೆ ಅದೂ ಆಗಲಿ. ಅದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 (ಬ್ರೇಕ್ ಆಯಿಲಿನ ಒಂದು ದರ್ಜೆ) ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ತೇವ ಹೀರಿದ ಮೇಲೆ 140ಕ್ಕೇ ಕುದಿಯಬಹುದು. ಇಳಿಜಾರಿನಲ್ಲಿ ಪೆಡಲ್ ಮೆತ್ತಗಾದರೆ ಇದೂ ಕಾರಣ ಇರಬಹುದು. ಆಗ ಗೇರ್ ಇಳಿಸಿ, ಪಕ್ಕಕ್ಕೆ ನಿಲ್ಲಿಸಿ ಪೂರ್ತಿ ತಣಿಯಲು ಬಿಡಬೇಕು.

ಇದೆಲ್ಲ ಆಗುವವರೆಗೆ ಗಾಡಿ ಘಾಟಿ ಕಡೆ ಒಯ್ಯಬೇಡ. ಬಿಚ್ಚಿದಾಗ ಹಬ್ಬಿನ ಫೋಟೋ, ಎಂಟೂ ಕಡೆಯ ಅಳತೆ ಇಲ್ಲೇ ಹಾಕು. ನೋಡಿ ಫೋನ್ ಮಾಡುತ್ತೇನೆ. ಅಲ್ಲಿವರೆಗೆ ಹೊಸ ಡಿಸ್ಕಿಗೆ ದುಡ್ಡು ಕೊಡಬೇಡ.