ಪುಟ್ಟಿ, ಕಾರ್ಡ್ ಅಳಿಸುವ ಮೊದಲು

ಪುಟ್ಟಿ, ನಿನ್ನೆ ರಾತ್ರಿ ನೀನು ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದ್ದನ್ನು ಇವತ್ತು ಬೆಳಿಗ್ಗೆ ಕಣದಲ್ಲಿ ನಿಂತು ನೋಡಿದೆ. ಅಜ್ಜಿಗೆ ಎಂಬತ್ತು ತುಂಬುತ್ತಿದೆ, ಎಲ್ಲರೂ ಮೂಡಿಗೆರೆಗೆ ಬರುತ್ತಿದ್ದೇವೆ, ಒಂದು ಒಳ್ಳೆಯ ಎಚ್‌ಡಿ ಕ್ಯಾಮ್‌ಕಾರ್ಡರ್, ಅಂದರೆ ವಿಡಿಯೊ ಕ್ಯಾಮೆರಾ, ಕೊಳ್ಳಬೇಕು, ಯಾವುದು ಕೊಳ್ಳಲಿ, ಆಮೇಲೆ ಅದರಲ್ಲಿರುವುದನ್ನು ಲ್ಯಾಪ್‌ಟಾಪಿಗೆ ಹಾಕಿಕೊಳ್ಳುವುದು ಹೇಗೆ ಅಂತ ಕೇಳಿದ್ದೀಯ. ಅದರ ಕೆಳಗೇ ನಿನ್ನ ತಮ್ಮ 'ಮೊಬೈಲ್ ಇರುವಾಗ ಅದೆಲ್ಲ ಯಾಕೆ' ಅಂತ ಹಾಕಿದ್ದಾನೆ. ಇಬ್ಬರಿಗೂ ಸೇರಿಸಿ ಹೇಳುತ್ತೇನೆ. ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಕೂತು ಕೇಳಿ.

ಮೊದಲು ಅವನ ಮಾತು. ಮೊಬೈಲಿನ ಚಿತ್ರ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಎಷ್ಟೋ ಸಲ ಸಣ್ಣ ಕ್ಯಾಮ್‌ಕಾರ್ಡರಿಗಿಂತ ಚೆನ್ನಾಗಿಯೇ ಬರುತ್ತದೆ. ಆದರೆ ಅಜ್ಜಿ ಮಾತಿಗೆ ಕೂತರೆ ಒಂದೂವರೆ ಗಂಟೆ. ಅಷ್ಟು ಹೊತ್ತಿಗೆ ಫೋನ್ ಬಿಸಿಯಾಗುತ್ತದೆ, ಜಾಗ ತುಂಬುತ್ತದೆ, ನಡುವೆ ಯಾರದ್ದಾದರೂ ಕರೆ ಬರುತ್ತದೆ. ಮುಖದ ಮುಂದೆ ಫೋನ್ ಹಿಡಿದರೆ ಅಜ್ಜಿ ಅದನ್ನು ವಿಡಿಯೊ ಕಾಲ್ ಅಂದುಕೊಂಡು 'ಊಟ ಆಯ್ತಾ' ಅಂತ ಶುರು ಮಾಡುತ್ತಾಳೆ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು ನೀನು ಪಕ್ಕದಲ್ಲಿ ಕೂತರೆ ಹತ್ತು ನಿಮಿಷದಲ್ಲಿ ಅದನ್ನು ಮರೆತು ನಿನ್ನ ಜೊತೆ ಮಾತಾಡುತ್ತಾಳೆ. ನಿಮ್ಮಪ್ಪನ ಫೋಟೊ ಕ್ಯಾಮೆರಾ ಕೂಡ ಇದಕ್ಕೆ ಬೇಡ. ಆ ಕಾಲದವು ಹೆಚ್ಚಿನವು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ನಿಂತುಬಿಡುತ್ತವೆ. ಅರ್ಧ ಗಂಟೆ ದಾಟಿ ರೆಕಾರ್ಡ್ ಮಾಡುವುದಕ್ಕೆ ಯುರೋಪಿನಲ್ಲಿ ವಿಡಿಯೊ ಕ್ಯಾಮೆರಾ ಅಂತ ಬೇರೆ ಸುಂಕ ಇತ್ತು. ಅದನ್ನು ತಪ್ಪಿಸಲು ಕಂಪನಿಗಳು ಹಾಗೆ ಮಾಡಿಟ್ಟಿದ್ದವು.

ಇನ್ನು ಕೊಳ್ಳುವ ವಿಚಾರ. ಅಂಗಡಿಯಲ್ಲಿ ಮೊದಲು ಝೂಮ್ ತೋರಿಸುತ್ತಾರೆ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಡಿಜಿಟಲ್ ಝೂಮನ್ನು ಲೆಕ್ಕಕ್ಕೇ ತಗೋಬೇಡ, ಅದು ಚಿತ್ರವನ್ನು ಸುಮ್ನೆ ಹಿಗ್ಗಿಸುತ್ತದೆ ಅಷ್ಟೆ. ಆಪ್ಟಿಕಲ್, ಅಂದರೆ ಲೆನ್ಸೇ ಮಾಡುವ ಝೂಮ್, ಎಷ್ಟು ಅಂತ ಕೇಳು. ಅದಕ್ಕಿಂತ ಮೊದಲು ಹೊರಗಿನ ಮೈಕ್ ಸಿಕ್ಕಿಸುವ ಜಾಕ್ ಇದೆಯಾ ನೋಡು. ನಮಗೆ ಬೇಕಿರುವುದು ಅಜ್ಜಿಯ ದನಿ. ಈಗ ಅವಳ ದನಿ ಎಷ್ಟು ಸಣ್ಣದಾಗಿದೆ ಅಂದರೆ, ಜಗಲಿಯಲ್ಲಿ ಎದುರಿಗೆ ಕೂತ ನನಗೇ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡುತ್ತಿದ್ದರೆ ಕೇಳುವುದಿಲ್ಲ. ಕ್ಯಾಮೆರಾದ ಸ್ವಂತ ಮೈಕ್ ಆರು ಅಡಿ ದೂರದಿಂದ ಪಲ್ಪರನ್ನೂ ನಾಯಿಯನ್ನೂ ಕೇಳಿಸಿಕೊಳ್ಳುತ್ತದೆ, ಅಜ್ಜಿಯನ್ನಲ್ಲ. ಸೆರಗಿಗೆ ಸಿಕ್ಕಿಸುವ ಕಾಲರ್ ಮೈಕ್ ತಗೋ. ನೀನು ಫೋಟೊ ಹಾಕಿದ್ದೀಯಲ್ಲ, ಸೋನಿ ಸಿಎಕ್ಸ್405, ಅದು ಹಗುರ, 30 ಪಟ್ಟು ಆಪ್ಟಿಕಲ್ ಝೂಮ್ ಇದೆ, ಕೈಪಟ್ಟಿಯೊಳಗೇ ಯುಎಸ್‌ಬಿ ವೈರ್ ಇದೆ. ಆದರೆ ಮೈಕ್ ಜಾಕ್ ಇಲ್ಲ. ಮಕ್ಕಳ ಆಟಕ್ಕೆ ಸಾಕು. ಈ ಕೆಲಸಕ್ಕೆ ಜಾಕ್ ಇರುವ ಮಾದರಿಯೇ ಬೇಕು. ಅಂಥದ್ದು ಹೊಸದು ಸಿಗದಿದ್ದರೆ ಚೆನ್ನಾಗಿಟ್ಟುಕೊಂಡ ಸೆಕೆಂಡ್ ಹ್ಯಾಂಡ್ ಆದರೂ ಸರಿ.

ಬಾವ ಅಮೆರಿಕದಿಂದ ತರುತ್ತೇನೆ ಅಂದಿದ್ದಾನಂತಲ್ಲ, ಅದರ ಬಗ್ಗೆ ಒಂದು ಮಾತು. ಅಲ್ಲಿ ಕರೆಂಟು 60 ಹರ್ಟ್ಸ್, ಇಲ್ಲಿ 50. ಅಲ್ಲಿಯ ಕ್ಯಾಮೆರಾಗಳು ಸೆಕೆಂಡಿಗೆ 60ರ ಲೆಕ್ಕದಲ್ಲಿ ಚಿತ್ರ ಹಿಡಿಯುತ್ತವೆ, ಎಷ್ಟೋ ಮಾದರಿಗಳಲ್ಲಿ ಅದನ್ನು 50ಕ್ಕೆ ಬದಲಿಸಲು ಬರುವುದಿಲ್ಲ. ನಮ್ಮ ನಡುಮನೆಯ ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಇಡೀ ಚಿತ್ರ ಪಟಪಟ ಮಿಣುಕಬಹುದು. ಶಟರನ್ನು, ಅಂದರೆ ಒಂದೊಂದು ಚಿತ್ರಕ್ಕೆ ಬೆಳಕು ಬಿಡುವ ಹೊತ್ತನ್ನು, ಸೆಕೆಂಡಿನ 1/100ಕ್ಕೆ ಇಟ್ಟರೆ ಮಿಣುಕು ಹೋಗುತ್ತದೆ, ಆದರೆ ಕೈಯಿಂದ ಶಟರ್ ಇಡುವ ಸೌಕರ್ಯ ಆ ಕ್ಯಾಮೆರಾದಲ್ಲಿ ಇರಬೇಕಲ್ಲ. ಇಲ್ಲೇ ಕೊಳ್ಳುವುದು ಒಳ್ಳೆಯದು. ಬಾವನಿಗೆ ಬೇಕಾದರೆ ಹಾರ್ಡ್ ಡಿಸ್ಕ್ ತರಲು ಹೇಳು. ಎರಡು ತರಲಿ. ಯಾಕೆ ಎರಡು ಅಂತ ಆಮೇಲೆ ಹೇಳುತ್ತೇನೆ.

ಚಿತ್ರ ತುಂಬುವ ಮೆಮೊರಿ ಕಾರ್ಡಿನ ಮೇಲೆ ಕ್ಲಾಸ್ 10 ಅನ್ನುವ ವೇಗದ ಗುರುತು ಇರಲಿ, ಬಿಲ್ ಕೊಡುವ ಅಂಗಡಿಯಲ್ಲಿ ತಗೋ. ನಕಲಿ ಕಾರ್ಡುಗಳು ಜಾಸ್ತಿ. ಜೊತೆಗೆ ಇನ್ನೊಂದು ಬ್ಯಾಟರಿ. ನಮ್ಮ ತೋಟದ ಮನೆಯ ಕರೆಂಟು ನಿನಗೆ ಗೊತ್ತೇ ಇದೆ.

ಈಗ ಕಂಪ್ಯೂಟರಿಗೆ ಹಾಕುವುದು. ನಾನು ಇಷ್ಟೆಲ್ಲ ಹೇಳುತ್ತಿರುವುದೇ ಇದಕ್ಕಾಗಿ, ಇದನ್ನು ಗಮನ ಇಟ್ಟು ಕೇಳು.

ನಾನು 2010ರಲ್ಲಿ ಒಂದು ಕ್ಯಾಮ್‌ಕಾರ್ಡರ್ ಕೊಂಡಿದ್ದೆ, ನಿನಗೆ ನೆನಪಿರಬಹುದು. ವಿಡಿಯೊವನ್ನು ಎವಿಸಿಎಚ್‌ಡಿ ಅನ್ನುವ ಬಗೆಯಲ್ಲಿ ಕಾರ್ಡಿಗೆ ಬರೆಯುವಂಥದ್ದು. ಸೋನಿ, ಪ್ಯಾನಸೋನಿಕ್ ಎರಡೂ ಸೇರಿ 2006ರಲ್ಲಿ ತಂದದ್ದು. ನಿನಗೆ ಸಿಗುವುದರಲ್ಲೂ ಇದು ಇರಬಹುದು. ಇದರಲ್ಲಿ ಒಂದು ವಿಚಿತ್ರ ಇದೆ. ನೀನು ಒಂದು ಗಂಟೆ ನಿಲ್ಲಿಸದೆ ರೆಕಾರ್ಡ್ ಮಾಡಿದರೂ ಕಾರ್ಡಿನಲ್ಲಿ ಒಂದೇ ಫೈಲ್ ಇರುವುದಿಲ್ಲ. ಕೆಲವು ಕ್ಯಾಮೆರಾ 2 ಜಿಬಿಗೆ ಒಂದು, ಕೆಲವು 4 ಜಿಬಿಗೆ ಒಂದು ಅಂತ ತುಂಡು ಮಾಡುತ್ತಾ ಹೋಗುತ್ತವೆ. ಸೆಕೆಂಡಿಗೆ 17 ಮೆಗಾಬಿಟ್ ಲೆಕ್ಕದಲ್ಲಿ 2 ಜಿಬಿ ಅಂದರೆ ಹೆಚ್ಚುಕಮ್ಮಿ ಕಾಲು ಗಂಟೆ. ಕ್ಯಾಮೆರಾದಲ್ಲಿ ನೋಡುವಾಗ ಗೊತ್ತೇ ಆಗುವುದಿಲ್ಲ, ನೀರು ಹರಿದ ಹಾಗೆ ಬರುತ್ತದೆ. ಯಾವ ತುಂಡಿನ ಹಿಂದೆ ಯಾವುದು ಅನ್ನುವ ಲೆಕ್ಕವನ್ನು ಅದು ಪಕ್ಕದ ಸಣ್ಣ ಸಣ್ಣ ಫೈಲುಗಳಲ್ಲಿ ಬರೆದಿಟ್ಟಿರುತ್ತದೆ.

2011ರ ಸುಗ್ಗಿ ಮುಗಿದ ಮೇಲೆ ಒಂದು ಸಂಜೆ ಅಪ್ಪ, ನಿಮ್ಮ ಅಜ್ಜ, ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ನಾನು ಕ್ಯಾಮೆರಾ ಇಟ್ಟೆ. ನಲವತ್ತು ನಿಮಿಷ ಮಾತಾಡಿದರು. ಮದುವೆಯಾಗಿ ಬಂದ ವರ್ಷದ ಮಳೆ, ಹಳ್ಳ ದಾಟಲಾಗದೆ ಮೂರು ದಿನ ನೆಂಟರ ಮನೆಯಲ್ಲಿ ಉಳಿದದ್ದು, ಎಲ್ಲ. ಅಪ್ಪ ಅಮ್ಮನನ್ನು ಹೆಸರು ಹಿಡಿದು ಕರೆದದ್ದನ್ನು ನಾವು ಮಕ್ಕಳು ಯಾರೂ ಕೇಳಿರಲಿಲ್ಲ. 'ಇವಳೇ' ಅಂತಲೇ, ಇಲ್ಲ 'ಏ, ಎಲ್ಲಿದ್ದೀಯೇ' ಅಂತಲೇ. ಆವತ್ತು ಆ ಹಳ್ಳದ ಕತೆ ಹೇಳುವಾಗ ಒಂದು ಸಲ ಹೆಸರು ಬಂತು. ಆಗ ಅವಳನ್ನು ಹೇಗೆ ಕೂಗಿದ್ದರೋ ಹಾಗೇ ಕೂಗಿ ತೋರಿಸಿದರು. ಒಳಗೆ ಅಕ್ಕಿ ಆರಿಸುತ್ತಿದ್ದ ಅಮ್ಮ ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು.

ನಾನು ಏನು ಮಾಡಿದೆ ಅಂದರೆ, ಕಾರ್ಡ್ ತೆರೆದು, ಒಳಗಿನ ಎಂಟಿಎಸ್ ಫೈಲುಗಳನ್ನು, ಅಂದರೆ ವಿಡಿಯೊದ ತುಂಡುಗಳನ್ನು, ಮಾತ್ರ ಎಳೆದು ಕಂಪ್ಯೂಟರಿಗೆ ಹಾಕಿಕೊಂಡೆ. ಉಳಿದ ಸಣ್ಣ ಫೈಲುಗಳು ಕಸ ಅಂದುಕೊಂಡೆ. ಒಂದೊಂದು ತುಂಡನ್ನೂ ಬೇರೆ ಬೇರೆಯಾಗಿ ಎಂಪಿ4 ಮಾಡಿದೆ. ಜಾಗ ಸಾಲದು ಅಂತ ಮೂಲ ಫೈಲ್ ಅಳಿಸಿದೆ, ಕಾರ್ಡನ್ನೂ ಫಾರ್ಮ್ಯಾಟ್ ಮಾಡಿದೆ. ಅಪ್ಪ ಹೋದ ಮೇಲೆ ತುಂಡುಗಳನ್ನು ಜೋಡಿಸಿ ನೋಡಿದರೆ, ಒಂದೊಂದು ಬೆಸುಗೆಯಲ್ಲೂ ಟಕ್ ಅಂತ ಚೂರು ದನಿ ಹೋಗಿದೆ. ಅರ್ಧ ಸೆಕೆಂಡ್ ಇರಬಹುದು. ಅದರಲ್ಲಿ ಒಂದು ಬೆಸುಗೆ ಸರಿಯಾಗಿ ಆ ಹೆಸರಿನ ಮೇಲೆ ಬಿದ್ದಿದೆ. ಅಪ್ಪ ಬಾಯಿ ತೆರೆಯುತ್ತಾರೆ, ಆಮೇಲೆ ಅಮ್ಮ ಬಾಗಿಲಿಗೆ ಬರುತ್ತಾಳೆ. ನಡುವಿನ ಆ ಹೆಸರು ಇಲ್ಲ. ಚಿಕ್ಕಮಗಳೂರಿನಲ್ಲಿ ಗೊತ್ತಿದ್ದವರ ಹತ್ತಿರ ತೋರಿಸಿದೆ. ಮೂಲ ಫೈಲ್ ಇದ್ದಿದ್ದರೆ ಹತ್ತು ನಿಮಿಷದ ಕೆಲಸ, ಈಗ ಏನೂ ಮಾಡಲಾಗದು ಅಂದರು.

ಅದಕ್ಕೇ ಹೇಳುವುದು. ರೆಕಾರ್ಡ್ ಮುಗಿದ ರಾತ್ರಿಯೇ ಕಾರ್ಡ್ ಹೊರಗೆ ತೆಗಿ. ದೊಡ್ಡ ಎಸ್‌ಡಿ ಕಾರ್ಡಾದರೆ ಅದರ ಎಡಗಡೆ ಅಂಚಿನಲ್ಲಿ ಉಗುರಿನಲ್ಲಿ ಸರಿಸುವಂಥ ಒಂದು ಚಿಕ್ಕ ಗುಂಡಿ ಇದೆ, ಅದನ್ನು ಲಾಕ್ ಕಡೆಗೆ ಇಳಿಸು. ಆಮೇಲೆ ಕಂಪ್ಯೂಟರಿಗೆ ಹಾಕಿದರೆ ತಪ್ಪಿಯೂ ಏನೂ ಅಳಿಸುವುದಿಲ್ಲ. ಹಾರ್ಡ್ ಡಿಸ್ಕಿನಲ್ಲಿ ತಾರೀಖು ಬರೆದು ಹೊಸ ಫೋಲ್ಡರ್ ಮಾಡು. ಕಾರ್ಡಿನಲ್ಲಿ ಕಾಣುವ ಪ್ರೈವೇಟ್ ಅನ್ನುವ ಫೋಲ್ಡರನ್ನು ಒಳಗೆ ಕೈ ಹಾಕದೆ ಇಡಿಯಾಗಿ ಎತ್ತಿ ಅಲ್ಲಿಗೆ ಹಾಕು. ಬೇರೆ ಫೋಲ್ಡರ್ ಇದ್ದರೆ ಅವನ್ನೂ ಹಾಕು. ನಿನ್ನದು ಮ್ಯಾಕ್ ಅಲ್ವಾ, ಅದರಲ್ಲಿ ಎವಿಸಿಎಚ್‌ಡಿ ಅನ್ನುವುದು ಫೋಲ್ಡರಿನ ಹಾಗೆ ಕಾಣದೆ ಒಂದೇ ಫೈಲಿನ ಹಾಗೆ ಕಾಣಬಹುದು. ಗಾಬರಿ ಬೇಡ, ಅದನ್ನೇ ಹಾಗೇ ಎತ್ತು. ಆಮೇಲೆ ಎರಡೂ ಕಡೆ ಗಾತ್ರ ಸರಿಹೊಂದುತ್ತದೆಯಾ ನೋಡು. ಕೊನೆಯ ಕ್ಲಿಪ್ಪಿನ ಕೊನೆಯ ಒಂದು ನಿಮಿಷ ಹಾಕಿ ನೋಡು. ಇದೇ ಕೆಲಸವನ್ನು ಎರಡನೇ ಡಿಸ್ಕಿಗೂ ಮಾಡು. ಒಂದು ನಿನ್ನ ಹತ್ತಿರ ಬೆಂಗಳೂರಿನಲ್ಲಿ, ಒಂದು ನನ್ನ ಹತ್ತಿರ ಇಲ್ಲಿ. ಬಾವ ಎರಡು ತರಲಿ ಅಂದದ್ದು ಇದಕ್ಕೆ.

ತುಂಡುಗಳನ್ನು ಒಂದು ಮಾಡಲು ಕ್ಯಾಮೆರಾ ಕಂಪನಿಯವರದ್ದೇ ಸಾಫ್ಟ್‌ವೇರ್ ಇರುತ್ತದೆ. ಫೋಲ್ಡರ್ ಇಡಿಯಾಗಿ ಇದ್ದರೆ ಅದು ಬೆಸುಗೆ ಕಾಣದ ಹಾಗೆ ಜೋಡಿಸುತ್ತದೆ. ನಾಳೆ ಜೋಡಿಸು, ಮುಂದಿನ ವರ್ಷ ಜೋಡಿಸು, ಅವಸರ ಇಲ್ಲ. ಕಂಪ್ಯೂಟರಿನಲ್ಲಿ ನೋಡುವಾಗ ಕೈ ಆಡಿಸಿದ ಕಡೆ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಕಂಡರೆ ಅದು ಹಾಳಾದದ್ದಲ್ಲ. ಸಾಲು ಬಿಟ್ಟು ಸಾಲು ಚಿತ್ರ ಹಿಡಿಯುವ ಪದ್ಧತಿ ಅದು. ವಿಎಲ್‌ಸಿ ಅನ್ನುವ ವಿಡಿಯೊ ಪ್ಲೇಯರಿನಲ್ಲಿ ಡಿಇಂಟರ್‌ಲೇಸ್ ಅಂತ ಇದೆ, ಒತ್ತಿದರೆ ಸರಿಯಾಗುತ್ತದೆ. ಮತ್ತೆ ಪೆನ್‌ಡ್ರೈವಿನಲ್ಲಿ ಯಾರಿಗಾದರೂ ಕೊಡುವಾಗ ಜಾಗ ಇದ್ದರೂ ದೊಡ್ಡ ಫೈಲ್ ಹೋಗದಿದ್ದರೆ, ಆ ಡ್ರೈವ್ ಎಫ್‌ಎಟಿ32 ಅನ್ನುವ ಹಳೆಯ ಬಗೆಯಲ್ಲಿ ಫಾರ್ಮ್ಯಾಟ್ ಆಗಿರುತ್ತದೆ. 4 ಜಿಬಿಗಿಂತ ದೊಡ್ಡ ಫೈಲ್ ಅದಕ್ಕೆ ಹಿಡಿಸುವುದಿಲ್ಲ. ಎಕ್ಸ್‌ಫ್ಯಾಟ್ ಮಾಡಿಕೋ. ಈ ಗ್ರೂಪಿಗೆ ಹಾಕಿದ್ದನ್ನು ಮಾತ್ರ ಪ್ರತಿ ಅಂತ ಯಾರೂ ನಂಬಬೇಡಿ, ವಾಟ್ಸಾಪ್ ವಿಡಿಯೊವನ್ನು ಹಿಂಡಿ ಸಣ್ಣ ಮಾಡುತ್ತದೆ.

ಅಣ್ಣಾ, ನಿನ್ನ ಬೀರುವಿನಲ್ಲಿರುವ ಮಿನಿ ಡಿವಿ ಟೇಪುಗಳನ್ನೂ ಈ ಸಲ ತಾ. ಆ ಹಳೆಯ ಕ್ಯಾಮೆರಾದ ಯುಎಸ್‌ಬಿಯಲ್ಲಿ ಫೋಟೊ ಬರುತ್ತದೆ ಅಷ್ಟೆ, ಟೇಪಿನ ವಿಡಿಯೊ ಸರಿಯಾಗಿ ಬರಲು ಫೈರ್‌ವೈರ್ ಅನ್ನುವ ಹಳೆಯ ಬಗೆಯ ಕೇಬಲ್ ಬೇಕು. ಆ ಪೋರ್ಟ್ ಇರುವ ನನ್ನ ಹಳೆಯ ಕಂಪ್ಯೂಟರ್ ಇನ್ನೂ ಓಡುತ್ತದೆ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಹಿಡಿಯುತ್ತದೆ, 11ರಿಂದ 13 ಜಿಬಿ ಜಾಗ ಬೇಕು. ಮಳೆಗಾಲ ಹಿಡಿಯುವ ಮೊದಲು ಮುಗಿಸೋಣ. ಇಲ್ಲಿಯ ತೇವಕ್ಕೆ ಟೇಪಿನ ಮೇಲೂ ಲೆನ್ಸಿನ ಮೇಲೂ ಬೂಸ್ಟು ಕೂರುತ್ತದೆ. ಪುಟ್ಟಿ, ನಿನ್ನ ಹೊಸ ಕ್ಯಾಮೆರಾವನ್ನೂ ಚರ್ಮದ ಚೀಲದಲ್ಲಿಟ್ಟು ಬೀರುವಿಗೆ ಸೇರಿಸಬೇಡ. ಗಾಳಿಯಾಡದ ಡಬ್ಬಿ, ಒಳಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ, ಅಷ್ಟು ಸಾಕು.

ನೀನು ಎರಡು ದಿನ ಮೊದಲೇ ಬಾ. ಜನ ಸೇರಿದ ಮೇಲೆ ಅಜ್ಜಿ ಅಡುಗೆಮನೆ ಬಿಟ್ಟು ಬರುವುದಿಲ್ಲ. ಸಂಜೆ ನಾಲ್ಕಕ್ಕೆ ಕಾಫಿ ಕುಡಿದು ಜಗಲಿಗೆ ಬಂದು ಕೂರುತ್ತಾಳೆ, ಆ ಹೊತ್ತಿಗೆ ಅಂಗಳದ ಕಡೆಯಿಂದ ಒಳ್ಳೆಯ ಬೆಳಕು ಇರುತ್ತದೆ. ಪಲ್ಪರ್ ನಿಲ್ಲಿಸಲು ನಾನು ಹೇಳಿರುತ್ತೇನೆ. ಆ ಹಳ್ಳದ ಕತೆ ಕೇಳು. ಅಜ್ಜ ಆವತ್ತು ಹೇಗೆ ಕೂಗಿದರು ಅಂತ ಅವಳ ಬಾಯಿಂದಲೇ ಹೇಳಿಸು. ಕಾರ್ಡ್ ರೀಡರ್ ನನ್ನ ಹತ್ತಿರ ಇದೆ, ನೀನು ತರಬೇಡ.