ಥೀಸಿಸ್‌ನಲ್ಲಿ ಸೈಟೇಶನ್ ಬದಲು ಬರೀ ಕೀ ಬರ್ತಿದೆ, ನ್ಯಾಟ್‌ಬಿಬ್‌ನಲ್ಲೇ ಇರೋದಾ ಬಿಬ್‌ಲೇಟೆಕ್‌ಗೆ ಹೋಗೋದಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಥೀಸಿಸ್ ಲೇಟೆಕ್‌ನಲ್ಲಿ (ಕಮಾಂಡ್ ಬರೆದು ಪುಟ ಜೋಡಿಸೋ ಸಾಫ್ಟ್‌ವೇರ್) ಬರೀತಿದೀನಿ, ಆರು ಚಾಪ್ಟರ್, ಇನ್ನೂರಕ್ಕಿಂತ ಜಾಸ್ತಿ ರೆಫರೆನ್ಸ್. ವಿಭಾಗದಿಂದ ಒಂದು ಟೆಂಪ್ಲೇಟ್ ಕೊಟ್ಟಿದ್ರು, ಹಳೇ ಕ್ಲಾಸ್ ಫೈಲು (ಪುಟದ ವಿನ್ಯಾಸಕ್ಕೆ), ಜೊತೆಗೊಂದು ಬಿಎಸ್‌ಟಿ ಫೈಲು (ರೆಫರೆನ್ಸ್ ಪಟ್ಟಿಯ ಸ್ಟೈಲಿಗೆ), ಯಾರು ಮಾಡಿದ್ದು ಅಂತ ಈಗ ಕೇಳಿದ್ರೆ ಅಲ್ಲಿ ಯಾರಿಗೂ ಗೊತ್ತಿಲ್ಲ. ಅದ್ರಲ್ಲಿ ರೆಫರೆನ್ಸ್ ಚೌಕ ಬ್ರಾಕೆಟ್ ಒಳಗೆ ನಂಬರ್ ಆಗಿ ಬರ್ತಿತ್ತು. ಗೈಡ್ ಡ್ರಾಫ್ಟ್ ನೋಡಿ ನಂಬರ್ ಬೇಡ, ಲೇಖಕರ ಹೆಸರು ಮತ್ತೆ ವರ್ಷ ಬರ್ಬೇಕು ಅಂದ್ರು.

ಸರಿ ಅಂತ ಬಿಬ್‌ಲೇಟೆಕ್ ಅನ್ನೋ ಸೈಟೇಶನ್ ಪ್ಯಾಕೇಜ್ ಹಾಕಿ ಆಥರ್‌ಇಯರ್ ಸ್ಟೈಲ್ ಕೊಟ್ಟೆ, ಟೆಂಪ್ಲೇಟ್‌ನಲ್ಲಿ ಮೊದಲೇ ಇದ್ದ ನ್ಯಾಟ್‌ಬಿಬ್ ಅನ್ನೋ ಇನ್ನೊಂದು ಪ್ಯಾಕೇಜ್ ಜೊತೆ ಹೊಂದಲ್ಲ ಅಂತ ಎರರ್ ಬಂತು. ಕ್ಲಾಸ್ ಫೈಲ್ ಒಳಗೆ ನ್ಯಾಟ್‌ಬಿಬ್ ಕರೆಯೋ ಸಾಲಿಗೆ ಪರ್ಸೆಂಟ್ ಚಿಹ್ನೆ ಹಾಕಿ ಲೇಟೆಕ್ ಅದನ್ನ ಓದದ ಹಾಗೆ ಮುಚ್ಚಿದೆ, ಎರರ್ ಹೋಯ್ತು, ಆದ್ರೆ ಈಗ ಸೈಟೇಶನ್ ಇರ್ಬೇಕಾದ ಕಡೆಯೆಲ್ಲಾ ಪ್ರತಿ ರೆಫರೆನ್ಸಿಗೆ ನಾನು ಕೊಟ್ಟಿರೋ ಕೀ (ಗುರುತಿನ ಹೆಸರು) ಹಾಗೇ ದಪ್ಪಕ್ಷರದಲ್ಲಿ ಬರ್ತಿದೆ, ಕೊನೇಲಿ ರೆಫರೆನ್ಸ್ ಪಟ್ಟಿ ಪೂರ್ತಿ ಖಾಲಿ. ಬರೆಯೋಕೆ ಟೆಕ್‌ಸ್ಟುಡಿಯೋ ಅನ್ನೋ ಎಡಿಟರ್ ಬಳಸ್ತಿದೀನಿ. ಸಬ್ಮಿಶನ್‌ಗೆ ಇನ್ನು ಮೂರೇ ವಾರ, ಎರಡು ದಿನದಿಂದ ಒಂದು ಸಾಲೂ ಬರ್ದಿಲ್ಲ, ದಯವಿಟ್ಟು ಯಾರಾದ್ರೂ ದಾರಿ ಹೇಳಿ.

ಉತ್ತರ 1

ಗಾಬರಿ ಆಗ್ಬೇಡಿ, ನಿಮ್ಮ ಫೈಲ್ ಏನೂ ಕೆಟ್ಟಿಲ್ಲ. ಕೀ ದಪ್ಪಕ್ಷರದಲ್ಲಿ ಬರ್ತಿದೆ ಅಂದ್ರೆ ಬಿಬ್‌ಲೇಟೆಕ್ ತನ್ನ ಕೆಲಸ ಮಾಡಿದೆ, ರೆಫರೆನ್ಸ್ ಪಟ್ಟಿ ಮಾಡೋ ಬೈಬರ್ ಅನ್ನೋ ಪ್ರೋಗ್ರಾಂ ಓಡಿಲ್ಲ, ಅಷ್ಟೇ. ನ್ಯಾಟ್‌ಬಿಬ್ ಇದ್ದಾಗ ಬಿಬ್‌ಟೆಕ್ ಅನ್ನೋ ಪ್ರೋಗ್ರಾಂ ಲೇಟೆಕ್ ಬರೆದಿಡೋ ಆಕ್ಸ್ ಫೈಲ್ ಓದಿ ಪಟ್ಟಿ ಮಾಡ್ತಿತ್ತು, ಬಿಬ್‌ಲೇಟೆಕ್‌ಗೆ ಮಾಮೂಲಿಯಾಗಿ ಬೇಕಾಗಿರೋದು ಬೈಬರ್, ಅದು ಓದೋದು ಬಿಸಿಎಫ್ ಅನ್ನೋ ಬೇರೆ ಫೈಲು. ನಿಮ್ಮ ಟೆಕ್‌ಸ್ಟುಡಿಯೋ ಇನ್ನೂ ಬಿಬ್‌ಟೆಕ್ಕನ್ನೇ ಓಡಿಸ್ತಿರ್ಬೇಕು. ಖಾತ್ರಿ ಮಾಡ್ಕೊಳ್ಳೋಕೆ ಥೀಸಿಸ್ ಫೋಲ್ಡರ್‌ನಲ್ಲಿ ಬಿಎಲ್‌ಜಿ ಅಂತ ಕೊನೆಯಾಗೋ ಫೈಲ್ ತೆಗೆದು ಮೇಲಿನ ಸಾಲು ನೋಡಿ, ಯಾವುದು ಓಡ್ತು ಅಂತ ಅಲ್ಲೇ ಹೆಸರು ಬರ್ದಿರುತ್ತೆ.

ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ಅನ್ನೋ ಕಡೆ ಡೀಫಾಲ್ಟ್ ಬಿಬ್ಲಿಯೋಗ್ರಫಿ ಟೂಲ್ ಅಂತಿದೆ, ಅದನ್ನ ಬೈಬರ್‌ಗೆ ಬದಲಾಯಿಸಿ. ಆಮೇಲೆ ತಾನಾಗೇ ಆಗೋ ಹಳೇ ಆಕ್ಸ್, ಬಿಬಿಎಲ್, ಬಿಸಿಎಫ್ ಫೈಲೆಲ್ಲಾ ಅಳಿಸಿ (ಬಿಬ್ ಫೈಲ್ ಮಾತ್ರ ಮುಟ್ಬೇಡಿ, ರೆಫರೆನ್ಸ್ ವಿವರ ಇರೋ ನಿಮ್ಮ ಮೂಲ ಅದೇ), ಲೇಟೆಕ್ ಒಂದ್ಸಲ, ಬೈಬರ್ ಒಂದ್ಸಲ, ಮತ್ತೆ ಲೇಟೆಕ್ ಎರಡ್ಸಲ ಓಡಿಸಿ.

ಆದ್ರೆ ನಾನಾಗಿದ್ರೆ ಮೂರು ವಾರ ಇರುವಾಗ ಬಿಬ್‌ಲೇಟೆಕ್‌ಗೆ ಹೋಗ್ತಿರ್ಲಿಲ್ಲ. ಹೆಸರು-ವರ್ಷ ನ್ಯಾಟ್‌ಬಿಬ್‌ಗೂ ಬರುತ್ತೆ, ಆಥರ್‌ಇಯರ್ ಆಪ್ಶನ್ ಕೊಟ್ಟು ಬಿಎಸ್‌ಟಿ ಜಾಗದಲ್ಲಿ ಪ್ಲೇನ್‌ನ್ಯಾಟ್ ಅನ್ನೋ ಸ್ಟೈಲ್ ಹಾಕಿದ್ರೆ ಸಾಕು. ನಿಮ್ಮ ಹಳೇ ಬಿಎಸ್‌ಟಿ ನಂಬರ್‌ಗೆ ಮಾತ್ರ ಮಾಡಿದ್ದಾದ್ರೆ ಅದು ಹೆಸರು-ವರ್ಷಕ್ಕೆ ಹೊಂದಲ್ಲ ಅಂತ ನ್ಯಾಟ್‌ಬಿಬ್ಬೇ ಎರರ್ ಕೊಡುತ್ತೆ. ಮೊದಲು ಆಫೀಸಲ್ಲಿ ಒಂದು ಮಾತು ಕೇಳಿ, ಆ ಬಿಎಸ್‌ಟಿ ಕಡ್ಡಾಯಾನಾ ಅಥವಾ ಯಾರೋ ಇಟ್ಟಿದ್ದು ಹಾಗೇ ಉಳ್ಕೊಂಡಿದ್ಯಾ ಅಂತ.

ಉತ್ತರ 2

ಮೇಲಿನವರು ಹೇಳಿದ ಬೈಬರ್ ವಿಷಯ ನೂರಕ್ಕೆ ನೂರು ಸರಿ, ವಾಪಸ್ ಹೋಗಿ ಅನ್ನೋದು ಮಾತ್ರ ನಂಗೆ ಒಪ್ಪಿಗೆ ಇಲ್ಲ. ಬಿಎಸ್‌ಟಿ ಫೈಲ್ ಒಳಗೊಮ್ಮೆ ಇಣುಕಿ ನೋಡಿ, ಅದು ಲೇಟೆಕ್ ಭಾಷೆನೇ ಅಲ್ಲ, ಅದ್ರದ್ದೇ ಒಂದು ಬೇರೆ ಭಾಷೆ, ನಾಳೆ ಗೈಡ್ ವರ್ಷದ ಸುತ್ತ ಬ್ರಾಕೆಟ್ ಬೇಡ ಅಂದ್ರೆ ಅಲ್ಲಿ ಏನು ತಿದ್ದೋದು ಅಂತ ತಿಳಿಯಲ್ಲ. ಬಿಬ್‌ಲೇಟೆಕ್‌ನಲ್ಲಿ ಅದು ಪ್ರಿಯಾಂಬಲ್‌ನಲ್ಲಿ (ಫೈಲಿನ ಶುರುವಿನ ಸೆಟ್ಟಿಂಗ್ ಭಾಗ) ಎರಡು ಸಾಲಿನ ಕೆಲಸ. ಬಿಬ್‌ಲೇಟೆಕ್‌ಗೆ ನ್ಯಾಟ್‌ಬಿಬ್ ಟ್ರೂ ಅಂತ ಒಂದು ಆಪ್ಶನ್ ಇದೆ, ಅದು ಕೊಟ್ರೆ ಸೈಟ್‌ಟಿ, ಸೈಟ್‌ಪಿ ಅನ್ನೋ ನ್ಯಾಟ್‌ಬಿಬ್ ಕಮಾಂಡ್ ಎರಡೂ ನಡೆಯುತ್ತೆ. ವಾಕ್ಯದೊಳಗೆ ಹೆಸರು ಸೇರಿ ಬರೋ ಕಡೆ ಸೈಟ್‌ಟಿ, ಪೂರ್ತಿ ಬ್ರಾಕೆಟ್‌ನಲ್ಲಿ ಬರೋ ಕಡೆ ಸೈಟ್‌ಪಿ. ಇದನ್ನ ಈಗ್ಲೇ ಒಂದೊಂದೇ ನೋಡಿ ಹಾಕ್ಕೊಳ್ಳಿ, ಯಾಕಂದ್ರೆ ನಂಬರ್ ಇದ್ದಾಗ ಬರ್ದ ವಾಕ್ಯಗಳು ಹೆಸರು-ವರ್ಷಕ್ಕೆ ಬಂದಾಗ ಓದೋಕೆ ಎಡವುತ್ವೆ, ಯಾವ ಪ್ಯಾಕೇಜೂ ಅದನ್ನ ಸರಿಮಾಡಲ್ಲ.

ಇನ್ನೊಂದು, ಕ್ಲಾಸ್ ಫೈಲನ್ನ ನೇರವಾಗಿ ತಿದ್ಬೇಡಿ, ಕಾಪಿ ಮಾಡಿ ಹೆಸರು ಬದಲಾಯಿಸಿ ಅದ್ರಲ್ಲಿ ತಿದ್ದಿ. ವಿಭಾಗದವರು ಹೊಸ ಟೆಂಪ್ಲೇಟ್ ಕಳಿಸಿ ನೀವು ಅದನ್ನ ಹಳೇದ್ರ ಮೇಲೇ ಸೇವ್ ಮಾಡಿದ್ರೆ ತಿದ್ದಿದ್ದೆಲ್ಲಾ ಹೋಯ್ತು.

ಪ್ರಶ್ನೆ ಕೇಳಿದವರು

ತುಂಬಾ ತುಂಬಾ ಥ್ಯಾಂಕ್ಸ್! ಬಿಎಲ್‌ಜಿ ತೆಗೆದು ನೋಡ್ದೆ, ಬಿಬ್‌ಟೆಕ್ ಅಂತಲೇ ಇತ್ತು. ಬೈಬರ್ ಹಾಕಿ ಎಲ್ಲಾ ಅಳಿಸಿ ಓಡಿಸ್ದೆ, ಪಟ್ಟಿ ಬಂತು, ಕಣ್ಣಲ್ಲಿ ನೀರು ಬರೋದೊಂದು ಬಾಕಿ. ಆಫೀಸಲ್ಲೂ ಕೇಳ್ದೆ, ಬಿಎಸ್‌ಟಿ ಕಡ್ಡಾಯ ಅಲ್ವಂತೆ, ಎಡ ಮಾರ್ಜಿನ್ 38 ಮಿಮೀ ಮತ್ತೆ ಒಂದೂವರೆ ಲೈನ್ ಸ್ಪೇಸ್ ಇದ್ರೆ ಸಾಕಂತೆ.

ಇನ್ನೊಂದು ತೊಡಕಿದೆ. ಒಂಬತ್ತು ಕನ್ನಡ ಪುಸ್ತಕಗಳಿವೆ, ಅವುಗಳ ಹೆಸರು ಕನ್ನಡ ಲಿಪಿಯಲ್ಲೇ ಬರ್ಬೇಕು, ಬಿಬ್ ಫೈಲಿಗೆ ಹಾಕಿದ ತಕ್ಷಣ ಯೂನಿಕೋಡ್ ಅಕ್ಷರ ಸೆಟ್ ಆಗಿಲ್ಲ ಅಂತ ಸಾಲುಸಾಲು ಎರರ್.

ಉತ್ತರ 1

ಹಾಗಿದ್ರೆ ನನ್ನ ಮಾತು ವಾಪಸ್ ತಗೋತೀನಿ, ಬಿಬ್‌ಲೇಟೆಕ್ಕೇ ಸರಿ. ಹಳೇ ಬಿಬ್‌ಟೆಕ್ ಅಕ್ಷರ ಅಂತ ನೋಡಲ್ಲ, ಬೈಟ್ ಅಂತ ನೋಡುತ್ತೆ, ಯುಟಿಎಫ್-8ರಲ್ಲಿ (ಯೂನಿಕೋಡ್ ಅಕ್ಷರ ಉಳಿಸೋ ಒಂದು ರೀತಿ) ‘ಕ’ ಅನ್ನೋ ಒಂದು ಅಕ್ಷರಕ್ಕೇ 3 ಬೈಟ್. ಇನಿಶಿಯಲ್ ಮಾಡೋ ಸ್ಟೈಲ್ ಇದ್ರೆ ಮೊದಲ ಬೈಟ್ ಒಂದನ್ನೇ ಕತ್ತರಿಸಿ ಲೇಖಕರ ಹೆಸರನ್ನೇ ಹಾಳು ಮಾಡುತ್ತೆ.

ಉತ್ತರ 3

ಕನ್ನಡ ಪಿಡಿಎಫ್‌ಲೇಟೆಕ್‌ನಲ್ಲಿ (ಲೇಟೆಕ್ ಓಡಿಸೋ ಮಾಮೂಲಿ ಎಂಜಿನ್) ಆಗಲ್ಲ, ಎಂಜಿನ್ನೇ ಬದಲಾಯಿಸ್ಬೇಕು. ಯೂನಿಕೋಡ್ ನೇರವಾಗಿ ಓದೋ ಝೀಲೇಟೆಕ್‌ಗೆ ಹೋಗಿ, ಇನ್‌ಪುಟ್‌ಎನ್ಕ್ ಮತ್ತೆ ಫಾಂಟ್‌ಎನ್ಕ್ ಪ್ಯಾಕೇಜ್ ಕರೆಯೋ ಸಾಲು ತೆಗೀರಿ, ಫಾಂಟ್‌ಸ್ಪೆಕ್ ಪ್ಯಾಕೇಜ್ ಹಾಕಿ ನೋಟೋ ಸೆರಿಫ್ ಕನ್ನಡ ಅನ್ನೋ ಫಾಂಟಿಗೆ ಒಂದು ಫಾಂಟ್ ಫ್ಯಾಮಿಲಿ ಮಾಡ್ಕೊಳ್ಳಿ. ಅಲ್ಲಿ ಸ್ಕ್ರಿಪ್ಟ್ ಕನ್ನಡ ಅಂತ ಕೊಡೋದು ಮರೀಬೇಡಿ, ಅದಿಲ್ದಿದ್ರೆ ಒತ್ತಕ್ಷರ ಕೂಡ್ಕೊಳ್ಳಲ್ಲ, ‘ವಿಜ್ಞಾನ’ ಬಿಡಿಬಿಡಿಯಾಗಿ ‘ವಿಜ್‌ಞಾನ’ ಆಗ್ಬಿಡುತ್ತೆ. ನಾನು ಒಂದು ಪೂರ್ತಿ ಚಾಪ್ಟರ್ ಹಾಗೇ ಪ್ರಿಂಟ್ ತೆಗೆಸಿ ಮತ್ತೆ ತೆಗೆಸ್ಬೇಕಾಯ್ತು.

ಒಂಬತ್ತು ಎಂಟ್ರಿಗೂ ಕೀವರ್ಡ್ಸ್ ಅನ್ನೋ ಫೀಲ್ಡ್‌ನಲ್ಲಿ ಕನ್ನಡ ಅಂತ ಗುರುತು ಹಾಕಿ ಎರಡು ಪಟ್ಟಿ ಪ್ರಿಂಟ್ ಮಾಡ್ಸಿ, ಒಂದು ಆ ಕೀವರ್ಡ್ ಇಲ್ಲದ್ದು, ಇನ್ನೊಂದು ಇರೋದು. ಎರಡನೇದಕ್ಕೆ ಮೊದಲು ಫಾಂಟ್ ಕನ್ನಡಕ್ಕೆ ತಿರುಗಿಸಿದ್ರೆ ಮುಗೀತು, ಪ್ರತಿ ಹೆಸರಿಗೂ ಕಮಾಂಡ್ ಸುತ್ತೋ ಕಷ್ಟ ಇಲ್ಲ. ಚಾಪ್ಟರ್ ಒಳಗೆ ಆ ಪುಸ್ತಕಗಳನ್ನ ಸೈಟ್ ಮಾಡೋ ಕಡೆ ಮಾತ್ರ ಅದೇ ಫಾಂಟಲ್ಲಿ ಸುತ್ತಬೇಕು. ಕೊನೇಲಿ ಲಾಗ್ ಫೈಲಲ್ಲಿ ಮಿಸ್ಸಿಂಗ್ ಕ್ಯಾರೆಕ್ಟರ್ ಅಂತ ಹುಡುಕಿ, ಝೀಲೇಟೆಕ್ ಅಕ್ಷರ ಸಿಗ್ದಿದ್ರೆ ಎರರ್ ಕೊಟ್ಟು ನಿಲ್ಲಲ್ಲ, ಅಲ್ಲಿ ಬರ್ದಿಟ್ಟು ಮುಂದೆ ಹೋಗುತ್ತೆ.

ಬಿಬ್ ಫೈಲನ್ನೂ ಒಂದು ಸಂಜೆ ಕೂತು ಓದಿ. ವೆಬ್‌ಸೈಟ್‌ನಿಂದ ಕಾಪಿ ಮಾಡಿದ್ರಲ್ಲಿ ಲೇಖಕರ ನಡುವೆ ಕಾಮಾ ಇದ್ರೆ ತೆಗೆದು ಆಂಡ್ ಅಂತ ಹಾಕ್ಬೇಕು, ಸಂಸ್ಥೆ ಹೆಸರಿಗೆ ಹೂಬ್ರಾಕೆಟ್ ಡಬಲ್ ಇರ್ಬೇಕು, ಇಲ್ದಿದ್ರೆ ಅದ್ರ ಕೊನೇ ಪದವನ್ನ ಸರ್‌ನೇಮ್ ಅಂದ್ಕೊಂಡು ಆ ಅಕ್ಷರದಡಿ ಸೇರಿಸುತ್ತೆ.

ಪ್ರಿಂಟ್ ಅಂಗಡೀಲಿ ಫಿಟ್ ಟು ಪೇಜ್ ಬೇಡ, ಆಕ್ಚುವಲ್ ಸೈಜ್ ಅಂತ ನಿಂತು ಹೇಳಿ, ಇಲ್ಲಾಂದ್ರೆ ನಿಮ್ಮ 38 ಮಿಮೀ ಕಾಗದದ ಮೇಲೆ 38 ಇರಲ್ಲ. ಒಂದೇ ಪುಟ ತೆಗೆಸಿ, ಸ್ಕೇಲ್ ಇಟ್ಟು ಅಳೆದು, ಆಮೇಲೆ ಉಳಿದಿದ್ದು ಕೊಡಿ.