ಸಹಾಯ ಬೇಕು: ಅಂಡಮಾನಿನಲ್ಲಿ ನಿದ್ದೆಯ ಹೊತ್ತೇ ಹೊಂದುತ್ತಿಲ್ಲ

ನಮಸ್ಕಾರ. ಕೆಲಸಕ್ಕೆಂದು ಪೋರ್ಟ್ ಬ್ಲೇರ್‌ಗೆ ಬಂದು ನಾಲ್ಕು ತಿಂಗಳಾಯಿತು. (2024ರಲ್ಲೇ ಊರು ಶ್ರೀ ವಿಜಯ ಪುರಂ ಆಗಿದೆ, ನನ್ನ ಬಾಯಿಗೆ ಹಳೆಯದೇ ಬರುತ್ತದೆ.) ಗಡಿಯಾರ ನಮ್ಮ ಧಾರವಾಡದ್ದೇ, ಸೂರ್ಯ ಮಾತ್ರ ಬೇರೆ! ಬೆಳಿಗ್ಗೆ 5 ದಾಟುವಷ್ಟರಲ್ಲಿ ಕಿಟಕಿಯಲ್ಲಿ ಬೆಳಕು. ಸಂಜೆ 6ಕ್ಕೆ ಆಫೀಸ್ ಬಿಟ್ಟರೆ ಆಗಲೇ ಕತ್ತಲು. ಮಲಗುವಾಗ ರಾತ್ರಿ 11.

ದಪ್ಪ ಪರದೆ ಹಾಕಿದೆ. ಗಾಳಿಯಾಡದೆ ಬನಿಯನ್, ದಿಂಬು ಎಲ್ಲ ಒದ್ದೆ. ಬೇಗ ಎದ್ದು ಮರೀನಾ ಪಾರ್ಕ್‌ನಲ್ಲಿ ವಾಕ್ ಮಾಡಿದೆ, ಮಧ್ಯಾಹ್ನ ಮೀಟಿಂಗ್‌ನಲ್ಲೇ ತೂಕಡಿಕೆ. ಚಹಾ ಜಾಸ್ತಿಯಾಗಿ ಈಗ ಹೊಟ್ಟೆ ಉರಿ ಬೇರೆ. 9ಕ್ಕೇ ಮಲಗು ಅಂತಾರೆ ಇಲ್ಲಿಯವರು. ಆದರೆ ಊರಿಂದ ಅಮ್ಮನ ಫೋನ್ ಬರುವುದೇ 9ಕ್ಕೆ ಅಲ್ವಾ!

ಇಲ್ಲಿ ಕೆಲಸ ಮಾಡಿದವರು ಹೇಳಿ: ನೀವು ಸೂರ್ಯನ ಪ್ರಕಾರ 9ಕ್ಕೆ ಮಲಗಿ 5ಕ್ಕೆ ಏಳುತ್ತಿದ್ದಿರಾ, ಇಲ್ಲ 11ಕ್ಕೇ ಮಲಗಿ ಮಧ್ಯಾಹ್ನ ಸ್ವಲ್ಪ ನಿದ್ದೆ ಮಾಡುತ್ತಿದ್ದಿರಾ? ಯಾವುದು ಒಗ್ಗಿತು?